ಕಾಲ್ಚೆಂಡಾಟದ ಧಣಿಗಳು

1903ನೆಯ ಇಸವಿ ಏಪ್ರಿಲ್ 18ನೆಯ ತಾರೀಖು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮೈದಾನದಲ್ಲಿ ಎಫ್.ಎ. ಕಪ್ಪಿನ ಕೊನೆಯ ಪಂದ್ಯ ನಡೆಯಿತು. ಕಾಲ್ಚೆಂಡಿನ ಪಂದ್ಯಾವಳಿಗಳಲ್ಲೆಲ್ಲ ಇದೇ ಹಿರಿಯದು. ಅಂದು ಬೆರಿ ಎಂಬ ಊರಿನ ತಂಡದವರು ಡರ್ಬಿ ಕೌಂಟಿ ತಂಡದ ಮೇಲೆ ಆರು ಗೋಲು ಹೊಡೆದು, ತಾವು ಒಂದನ್ನೂ ಬಿಟ್ಟುಕೊಡದೆ ಗೆದ್ದರು. ಬೆರಿ ದೊಡ್ಡ ನಗರವೇನಲ್ಲ. ಮ್ಯಾಂಚೆಸ್ಟರಿನ ಉತ್ತರಕ್ಕೆ ಎಂಟು ಹತ್ತು ಮೈಲಿ ದೂರದಲ್ಲಿ ಹತ್ತಿ ಗಿರಣಿಗಳನ್ನು ನಂಬಿ ಬೆಳೆದ ಊರು. ಆ ಊರಿನವರು ಅಂದು ಮಾಡಿದ ದಾಖಲೆಯನ್ನು 116 ವರ್ಷ ಯಾರೂ ಮುಟ್ಟಲಿಲ್ಲ. 2019ರ ಮೇ 18ರಂದು ಮ್ಯಾಂಚೆಸ್ಟರ್ ಸಿಟಿ ತಂಡ ಅದೇ ಕಪ್ಪಿನ ಕೊನೆಯ ಪಂದ್ಯದಲ್ಲಿ ವಾಟ್‌ಫರ್ಡ್ ತಂಡವನ್ನು ಅದೇ ಆರು ಸೊನ್ನೆಯಿಂದ ಸೋಲಿಸಿ ಸರಿಗಟ್ಟಿತು.

ಇದಾಗಿ ಮೂರು ತಿಂಗಳು ಒಂಬತ್ತು ದಿನಕ್ಕೆ, ಆಗಸ್ಟ್ 27ರ ರಾತ್ರಿ, ಬೆರಿ ಸಂಘವನ್ನು ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನಿಂದ ಹೊರಗೆ ಹಾಕಿದರು. 1894ರಿಂದ ಅದು ಲೀಗಿನಲ್ಲಿತ್ತು. ಆಟದಲ್ಲಿ ಸೋತು ಹೊರಬಿದ್ದುದಲ್ಲ. ಆ ವರ್ಷವೇ ಅದು ಗೆದ್ದು ಮೇಲಿನ ದರ್ಜೆಗೆ ಏರಿತ್ತು. ಗೆದ್ದ ಆಟಗಾರರಿಗೆ ಸಂಬಳ ಕೊಡಲು ಕಾಸಿರಲಿಲ್ಲ. ಸಾಲ ತೀರಿಸುವ ದಾರಿಯೂ ಇರಲಿಲ್ಲ. ಒಂದೇ ಸೀಮೆಯ ಎರಡು ಸಂಘಗಳು. ಒಂದಕ್ಕೆ ಅರಬ್ ರಾಜಮನೆತನದ ಬೊಕ್ಕಸ, ಇನ್ನೊಂದಕ್ಕೆ ಬೀಗ.

ಈ ಮಾತು ನಮಗೇಕೆ ಎಂದು ಕೆಲವರು ಕೇಳಬಹುದು. ಸಂಜೆ ನಿಮ್ಮ ಬೀದಿಯಲ್ಲಿ ಚೆಂಡು ಒದೆಯುವ ಹುಡುಗರ ಮೈಮೇಲಿನ ಅಂಗಿಯನ್ನು ಒಮ್ಮೆ ನೋಡಿ. ತಿಳಿನೀಲಿಯಾದರೆ ಅದು ಮ್ಯಾಂಚೆಸ್ಟರ್ ಸಿಟಿ, ಕೆಂಪಾದರೆ ಬಹುಮಟ್ಟಿಗೆ ಮ್ಯಾಂಚೆಸ್ಟರ್ ಯುನೈಟೆಡ್. ನನ್ನ ತರಗತಿಯ ಹುಡುಗರಿಗೆ ಷಟ್ಪದಿಯ ಮಾತ್ರಾಗಣ ಬಾರದಿದ್ದರೂ ಆ ಆಟಗಾರರ ಹೆಸರುಗಳು ಬಾಯಿಗೆ ಬರುತ್ತವೆ. ಬರಲಿ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಆ ಅಂಗಿಯ ಹಿಂದಿರುವ ಜಮಾ ಖರ್ಚಿನ ಕಥೆ ಮನೆಯ ಹಿರಿಯರಿಗಾದರೂ ತಿಳಿದಿರುವುದು ಒಳ್ಳೆಯದು.

ಬೆರಿ ಸಂಘ ಹುಟ್ಟಿದ್ದು 1885ರಲ್ಲಿ. ಹಣ ಪಡೆದು ಆಡುವುದು ತಪ್ಪಲ್ಲವೆಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿಕೊಂಡದ್ದೂ ಅದೇ ವರ್ಷ. ಸಂಬಳದ ಆಟಗಾರರು ಬಂದ ಮೇಲೆ ಖರ್ಚು ಬೆಳೆಯಿತು. ಸಂಘಗಳು ಷೇರು ಕಂಪನಿಗಳಾದವು. ಕಂಪನಿಯೆಂದ ಮೇಲೆ ಲಾಭದ ಆಸೆ ಹಿಂದೆಯೇ ಬರುತ್ತದೆ. ಇದನ್ನು ಕಂಡ ಅಸೋಸಿಯೇಷನ್ನಿನ ಹಿರಿಯರು ಒಂದು ಕಟ್ಟಳೆ ಮಾಡಿದರು. ಸಂಘದ ನಿರ್ದೇಶಕರು ಸಂಬಳ ತೆಗೆದುಕೊಳ್ಳಬಾರದು. ಷೇರಿಗೆ ಕೊಡುವ ಲಾಭಾಂಶ ಒಂದು ಮಿತಿಯನ್ನು ಮೀರಬಾರದು. ಸಂಘ ಮುಚ್ಚಿಹೋದರೆ ಉಳಿದ ಆಸ್ತಿ ಷೇರುದಾರರ ಜೇಬಿಗೆ ಬೀಳದೆ ಕ್ರೀಡೆಗೋ ದಾನಧರ್ಮಕ್ಕೋ ಸಲ್ಲಬೇಕು. ಮೈದಾನವನ್ನು ಮಾರಿ ಹಣ ಮಾಡಿಕೊಳ್ಳುವ ದುರಾಸೆಗೆ ಇದು ಕಡಿವಾಣವಾಯಿತು. ಊರಿನ ಕಸಾಯಿ, ಹೆಂಡದ ವ್ಯಾಪಾರಿ, ಗಿರಣಿಯ ಯಜಮಾನ, ಇಂಥವರು ನಿರ್ದೇಶಕರಾಗುತ್ತಿದ್ದರು. ಅವರಿಗೆ ದೊರೆಯುತ್ತಿದ್ದುದು ಊರಿನಲ್ಲಿ ಒಂದು ಮರ್ಯಾದೆ, ಶನಿವಾರ ಮಧ್ಯಾಹ್ನ ಒಂದು ಒಳ್ಳೆಯ ಕುರ್ಚಿ. ನಮ್ಮಲ್ಲಿ ಊರ ತೇರಿಗೆ ಹಗ್ಗ ಮಾಡಿಸಿಕೊಟ್ಟವರಿಗೆ ಮೊದಲ ಮಂಗಳಾರತಿ ಸಲ್ಲುತ್ತದೆಯಲ್ಲ, ಹಾಗೆ. ಹಗ್ಗ ಕೊಟ್ಟೆನೆಂದು ಯಾರೂ ತೇರನ್ನು ಅಡವಿಡಲಾರರು.

ಆ ಕಾಲ ಸತ್ಯಯುಗವಾಗಿತ್ತೆಂದು ಭಾವಿಸಬೇಡಿ. ಧಣಿಗೆ ಲಾಭದ ಮಿತಿಯಿದ್ದ ಹಾಗೆ ಆಟಗಾರನಿಗೆ ಸಂಬಳದ ಮಿತಿಯಿತ್ತು, ಅದೂ ಬಲು ಬಿಗಿಯಾಗಿ. 1901ರಲ್ಲಿ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಗೊತ್ತುಮಾಡಿದರು. ಅರವತ್ತು ವರ್ಷವಾದರೂ ಅದು ಇಪ್ಪತ್ತು ಪೌಂಡಿಗೆ ಮಾತ್ರ ಏರಿತ್ತು. ಸಾವಿರಾರು ಜನ ದುಡ್ಡು ಕೊಟ್ಟು ನೋಡಬರುತ್ತಿದ್ದ ಆಟಗಾರನ ಪಾಡು ಇದು. ಜಿಮ್ಮಿ ಹಿಲ್ ಎಂಬುವರ ಮುಂದಾಳುತನದಲ್ಲಿ ಆಟಗಾರರು ಮುಷ್ಕರ ಹೂಡುವುದಾಗಿ ಹೇಳಿದ ಮೇಲೆ 1961ರಲ್ಲಿ ಆ ಮಿತಿ ರದ್ದಾಯಿತು. ಜಾನಿ ಹೇನ್ಸ್ ವಾರಕ್ಕೆ ನೂರು ಪೌಂಡು ಪಡೆದ ಮೊದಲ ಆಟಗಾರರಾದರು. ಅದು ಆಗಬೇಕಾದ ಕೆಲಸವೇ.

ಧಣಿಗಳ ಕಟ್ಟು ಸಡಿಲವಾದದ್ದು ಬೇರೆ ರೀತಿಯಲ್ಲಿ. 1983ರಲ್ಲಿ ಟಾಟೆನ್‌ಹ್ಯಾಮ್ ಸಂಘದವರು ಸಂಘದ ನೆತ್ತಿಯ ಮೇಲೆ ಇನ್ನೊಂದು ಕಂಪನಿ ಕಟ್ಟಿ, ಆ ಕಂಪನಿಯ ಷೇರುಗಳನ್ನು ಪೇಟೆಗೆ ಬಿಟ್ಟರು. ಕಟ್ಟಳೆ ಇದ್ದದ್ದು ಸಂಘಕ್ಕೆ. ಮೇಲಿನ ಕಂಪನಿ ಸಂಘವಲ್ಲವಷ್ಟೆ! ಅಸೋಸಿಯೇಷನ್ ತಡೆಯಲಿಲ್ಲ. ನೂರು ವರ್ಷದ ಬೇಲಿಯಲ್ಲಿ ಒಂದು ಕಂಡಿ ಬಿದ್ದಿತು. ಮುಂದೆ 1992ರಲ್ಲಿ ಪ್ರೀಮಿಯರ್ ಲೀಗು ಹುಟ್ಟಿ ಟೆಲಿವಿಷನ್ನಿನ ಹಣ ಹರಿದುಬರತೊಡಗಿದಾಗ ಆ ಕಂಡಿಯಲ್ಲಿ ಲೋಕದ ಶ್ರೀಮಂತರೆಲ್ಲ ಒಳಗೆ ಬಂದರು.

ಶ್ರೀಮಂತರೆಲ್ಲ ಒಂದೇ ಜಾತಿಯವರಲ್ಲ. ಬ್ಲ್ಯಾಕ್‌ಬರ್ನ್ ಎಂಬ ಊರಿನಲ್ಲಿ ಜ್ಯಾಕ್ ವಾಕರ್ ಎಂಬ ಉಕ್ಕಿನ ವ್ಯಾಪಾರಿ ಇದ್ದರು. ಹುಟ್ಟಿದ ಊರು ಅದೇ. ಹುಡುಗನಾಗಿದ್ದಾಗಿನಿಂದ ಅಭಿಮಾನವೂ ಆ ಸಂಘದ್ದೇ. ತಮ್ಮ ವ್ಯಾಪಾರವನ್ನು ಮಾರಿ ಬಂದ ಹಣವನ್ನು ಅವರು 1991ರಿಂದ ಊರ ಸಂಘಕ್ಕೆ ಸುರಿದರು. ಅಲನ್ ಷಿಯರರ್‌ರಂಥ ಆಟಗಾರರು ಬಂದರು. ಮೈದಾನದ ಕಟ್ಟಡಗಳು ಎದ್ದವು. 1995ರಲ್ಲಿ ಬ್ಲ್ಯಾಕ್‌ಬರ್ನ್ 81 ವರ್ಷಗಳ ಮೇಲೆ ಇಂಗ್ಲೆಂಡಿನ ಪಟ್ಟ ಗೆದ್ದಿತು. ವಾಕರ್ 2000ದಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅದೇ ಸಂಘವನ್ನು ಕೊಂಡವರು ನಮ್ಮ ಪುಣೆಯ ಕೋಳಿ ವ್ಯಾಪಾರದ ವೆಂಕೀಸ್ ಮನೆತನದವರು. ಬಂದು ಒಂದು ತಿಂಗಳು ತುಂಬುವುದರೊಳಗೆ ತಂಡದ ಅನುಭವಿ ಮ್ಯಾನೇಜರನ್ನು ಕಳುಹಿಸಿಬಿಟ್ಟರು. 2012ರಲ್ಲಿ ತಂಡ ಕೆಳದರ್ಜೆಗೆ ಜಾರಿತು. ಅದನ್ನು ನಿರ್ಣಯಿಸಿದ ಪಂದ್ಯದಲ್ಲಿ ಸಿಟ್ಟಿಗೆದ್ದ ಅಭಿಮಾನಿಗಳು ಸಂಘದ ಬಾವುಟ ಹೊದಿಸಿದ ಒಂದು ಜೀವಂತ ಕೋಳಿಯನ್ನು ಮೈದಾನದೊಳಕ್ಕೆ ಬಿಟ್ಟರು. ನಗು ಬರುವ ಸಂಗತಿಯೇ. ಆದರೂ ಆ ಮನೆತನದವರು ವರ್ಷ ವರ್ಷ ನಷ್ಟವನ್ನು ಕೈಯಿಂದ ತುಂಬಿಕೊಡುತ್ತಲೇ ಬಂದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಧಣಿ ಬೇಡ, ಆದರೆ ಧಣಿಯ ಹಣವಿಲ್ಲದೆ ಮುಂದಿನ ತಿಂಗಳ ಸಂಬಳವಿಲ್ಲ. ಇದು ಆ ಊರಿನವರ ಸಂಕಟ.

ಇಂಥ ಅವಸ್ಥೆ ಯೂರೋಪಿನ ಉದ್ದಗಲಕ್ಕೂ ಹಬ್ಬಿತು. 2008ರಲ್ಲಿ ಎಫ್.ಎ. ಕಪ್ಪು ಗೆದ್ದ ಪೋರ್ಟ್ಸ್‌ಮತ್ ಸಂಘ 2010ರಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಯ ಕೈಸೇರಿತು. ಅದರ ಸಾಲಗಾರರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಎಂಬ, ಗಾಯಾಳುಗಳಿಗೆ ಪ್ರಥಮ ಚಿಕಿತ್ಸೆ ನೀಡುವ ಸೇವಾ ಸಂಸ್ಥೆಯೂ ಇತ್ತು. ಲೀಗಿನ ಪದ್ಧತಿಯ ಪ್ರಕಾರ ಇಂಥ ಸಮಯದಲ್ಲಿ ಆಟಗಾರರ ಮತ್ತು ಬೇರೆ ಸಂಘಗಳ ಬಾಕಿ ಪೂರ್ತಿ ಸಲ್ಲಬೇಕು. ಸೇವಾ ಸಂಸ್ಥೆ, ಊರಿನ ಸಣ್ಣ ವ್ಯಾಪಾರಿ ಮುಂತಾದವರು ಉಳಿದದ್ದರಲ್ಲಿ ಪಾಲು ಹಂಚಿಕೊಳ್ಳಬೇಕು.

ಅದೇ 2010ರಲ್ಲಿ ಯೂರೋಪಿನ ಕಾಲ್ಚೆಂಡು ಒಕ್ಕೂಟವಾದ ಯುಎಫಾ ಒಂದು ಹೊಸ ಕಟ್ಟಳೆ ತಂದಿತು. ಅದರ ಅಧ್ಯಕ್ಷರು ಆಗ ಫ್ರಾನ್ಸಿನ ಹಳೆಯ ಆಟಗಾರ ಮಿಷೆಲ್ ಪ್ಲಾಟಿನಿ. ಕಟ್ಟಳೆಯ ಹೆಸರು ಫೈನಾನ್ಷಿಯಲ್ ಫೇರ್ ಪ್ಲೇ. ಹಣದ ವಿಷಯದಲ್ಲಿ ನ್ಯಾಯವಾದ ಆಟವೆಂದು ಅರ್ಥ. ಅದರ ಸಾರವನ್ನು ನಮ್ಮ ಅಜ್ಜಿಯರು ಮೊದಲೇ ಹೇಳಿದ್ದಾರೆ: ಹಾಸಿಗೆ ಇದ್ದಷ್ಟು ಕಾಲು ಚಾಚು. ಟಿಕೆಟ್ಟು, ಟೆಲಿವಿಷನ್ನು, ಜಾಹೀರಾತು, ಆಟಗಾರರ ಮಾರಾಟ, ಇವುಗಳಿಂದ ಸಂಘಕ್ಕೆ ಏನು ಬರುತ್ತದೆಯೋ ಅಷ್ಟನ್ನೇ ಆಟಗಾರರ ಮೇಲೆ ಖರ್ಚು ಮಾಡಬೇಕು. ಮೂರು ವರ್ಷದ ಲೆಕ್ಕವನ್ನು ಒಟ್ಟಿಗೆ ನೋಡುತ್ತಾರೆ. ಧಣಿ ತನ್ನ ಕೈಯಿಂದ ತುಂಬಿಕೊಟ್ಟರೂ ನಷ್ಟ ಒಂದು ಮಿತಿಯನ್ನು ದಾಟಕೂಡದು. ಆ ಮಿತಿ ಮೊದಲು ನಾಲ್ಕೂವರೆ ಕೋಟಿ ಯೂರೋ ಇತ್ತು. ಆಮೇಲೆ ಮೂರು ಕೋಟಿಗೆ ಇಳಿಯಿತು. 2022ರ ತಿದ್ದುಪಡಿಯಲ್ಲಿ ಆರು ಕೋಟಿಯಾಯಿತು. ಜೊತೆಗೆ, ತಂಡದ ಸಂಬಳ ಸಾರಿಗೆ ಆದಾಯದ ನೂರಕ್ಕೆ 70ನ್ನು ಮೀರದಂತೆ ಮೆಟ್ಟಿಲು ಮೆಟ್ಟಿಲಾಗಿ ಬಿಗಿ ಮಾಡುವುದೆಂದು ಆಗ ಗೊತ್ತಾಯಿತು. ಮೈದಾನ ಕಟ್ಟಲು, ಎಳೆಯರನ್ನು ತರಬೇತು ಮಾಡಲು ಹಾಕಿದ ಹಣವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೇಳಲು ಬಹಳ ಸೊಗಸು. ಆದರೆ ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಳೆಯ ಕಟ್ಟಳೆ ಧಣಿಗೆ ಹೇಳಿದ್ದು, ‘ಸಂಘದಿಂದ ಹಣ ತೆಗೆಯಬೇಡ’ ಎಂದು. ಹೊಸ ಕಟ್ಟಳೆ ಹೇಳುವುದು, ‘ಸಂಘಕ್ಕೆ ಹಣ ಹಾಕಬೇಡ’ ಎಂದು. ನೂರು ವರ್ಷದಲ್ಲಿ ಮಾತು ತಲೆಕೆಳಗಾಯಿತು.

ಇದರ ಫಲವನ್ನು ಮ್ಯಾಂಚೆಸ್ಟರಿನಲ್ಲೇ ನೋಡಬಹುದು. ಮ್ಯಾಂಚೆಸ್ಟರ್ ಯುನೈಟೆಡ್ ಸಂಘವನ್ನು 2005ರಲ್ಲಿ ಅಮೆರಿಕದ ಗ್ಲೇಜರ್ ಮನೆತನದವರು ಸುಮಾರು 79 ಕೋಟಿ ಪೌಂಡಿಗೆ ಕೊಂಡರು. ಅದರಲ್ಲಿ ಅರ್ಧಕ್ಕೂ ಹೆಚ್ಚು ಸಾಲದ ಹಣ. ಆ ಸಾಲದ ಬಹುಭಾಗವನ್ನು ಹೊರಿಸಿದ್ದು ಸಂಘದ ಹೆಗಲಿಗೆ. ಅದುವರೆಗೆ ಸಂಘಕ್ಕೆ ಸಾಲವೇ ಇರಲಿಲ್ಲ. ಗಂಡಿಗೆ ವರದಕ್ಷಿಣೆ ಕೊಡಲು ಹೆಣ್ಣಿನ ಒಡವೆಯನ್ನೇ ಅಡವಿಟ್ಟ ಹಾಗಾಯಿತು. ಹೊಸ ಕಟ್ಟಳೆಯ ಕಣ್ಣಿಗೆ ಇದು ತಪ್ಪಲ್ಲ. ಬಡ್ಡಿ ತೆತ್ತರೂ ಖರ್ಚಿಗೆ ಸಾಲುವಷ್ಟು ಆದಾಯ ಆ ಸಂಘಕ್ಕಿತ್ತು. ಆದರೆ 2008ರಲ್ಲಿ ಅಬೂಧಾಬಿಯ ಶೇಖ್ ಮನ್ಸೂರ್ ಅದೇ ಊರಿನ ಸಿಟಿ ಸಂಘವನ್ನು ಕೊಂಡು, ಸಾಲ ಹೊರಿಸದೆ ಸ್ವಂತ ಹಣ ಸುರಿದದ್ದು ಈ ಕಟ್ಟಳೆಗೆ ಸಿಕ್ಕಿಬಿದ್ದಿತು. ಹೊರೆ ಹೊರಿಸಿದವರು ಪಾರಾದರು, ಹೊರೆ ಹೊತ್ತವರು ಕಟಕಟೆಗೆ ಬಂದರು.

ಶೇಖರು ಮುಗ್ಧರೆಂದು ನಾನು ವಕಾಲತ್ತು ಹಿಡಿಯುತ್ತಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಗಾದೆ ಇವರಿಗೆಲ್ಲ ಹೇಳಿಮಾಡಿಸಿದಂತಿದೆ. ಧಣಿ ನೇರವಾಗಿ ಹಣ ಕೊಡಬಾರದು, ಸರಿ. ಅವನ ನಾಡಿನ ವಿಮಾನದ ಕಂಪನಿ ಜಾಹೀರಾತಿಗೆಂದು ಕೊಟ್ಟರೆ? ಜಮೆಯಲ್ಲಿ ಅದು ವ್ಯಾಪಾರದ ಬಾಬೇ. ಆ ಜಾಹೀರಾತಿನ ನಿಜವಾದ ಬೆಲೆ ಎಷ್ಟು, ಅದರಲ್ಲಿ ಧಣಿಯ ಪ್ರೀತಿ ಎಷ್ಟು ಎಂದು ಬಿಡಿಸುವುದು ಹಾಲು ನೀರನ್ನು ಬೇರೆ ಮಾಡುವ ಕೆಲಸ. ಸಿಟಿ ಸಂಘ ಇಂಥ ಆದಾಯವನ್ನು ಹಿಗ್ಗಿಸಿ ತೋರಿಸಿತೆಂದು ಯುಎಫಾ 2020ರ ಫೆಬ್ರವರಿಯಲ್ಲಿ ಅದಕ್ಕೆ ಎರಡು ವರ್ಷ ಬಹಿಷ್ಕಾರ, ಮೂರು ಕೋಟಿ ಯೂರೋ ದಂಡ ವಿಧಿಸಿತು. ಐದು ತಿಂಗಳಿಗೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿ, ಕೆಲವು ಆರೋಪ ರುಜುವಾತಾಗಿಲ್ಲ, ಕೆಲವಕ್ಕೆ ಅವಧಿ ಮೀರಿದೆ ಎಂದು ಬಹಿಷ್ಕಾರವನ್ನು ರದ್ದುಮಾಡಿತು. ವಿಚಾರಣೆಗೆ ಸಹಕರಿಸಲಿಲ್ಲವೆಂದು ಒಂದು ಕೋಟಿ ದಂಡ ಮಾತ್ರ ಉಳಿಯಿತು. 2023ರಲ್ಲಿ ಪ್ರೀಮಿಯರ್ ಲೀಗು ತಾನೇ ನೂರಕ್ಕೂ ಹೆಚ್ಚು ಆರೋಪಗಳನ್ನು ಹೊರಿಸಿತು. ಸಂಘ ಅವನ್ನು ಅಲ್ಲಗಳೆಯಿತು. 2024ರ ಕೊನೆಯ ತಿಂಗಳುಗಳಲ್ಲಿ ವಿಚಾರಣೆ ನಡೆಯಿತು. ಲಂಡನ್ನಿನ ಚೆಲ್ಸೀ ಸಂಘದವರದು ಇನ್ನೂ ಸೊಗಸು. ಅವರು 2023ರಲ್ಲಿ ಮೈದಾನದ ಪಕ್ಕದ ತಮ್ಮ ಎರಡು ಹೋಟೆಲುಗಳನ್ನು ತಮ್ಮದೇ ಸೋದರ ಕಂಪನಿಗೆ ಏಳೂವರೆ ಕೋಟಿ ಪೌಂಡಿಗೂ ಮೀರಿದ ಬೆಲೆಗೆ ಮಾರಿ ಅದನ್ನು ಜಮೆಗೆ ಹಿಡಿದರು. ಪ್ರೀಮಿಯರ್ ಲೀಗು ಒಪ್ಪಿತು. ಯುಎಫಾ ಒಪ್ಪದೆ 2025ರಲ್ಲಿ ದಂಡ ಹಾಕಿತು. ಬಲಗೈಯ ಕಡಗವನ್ನು ಎಡಗೈಗೆ ಮಾರಿ ಲಾಭ ಬರೆಯುವ ವಿದ್ಯೆಯನ್ನು ನಮ್ಮ ಊರಿನ ಸೇಟುಗಳೂ ಕಲಿತಿಲ್ಲ.

ನಮ್ಮ ಹಳ್ಳಿಗಳ ಕಡೆ ಜಗಳಕ್ಕೂ ನ್ಯಾಯವೆಂದೇ ಹೆಸರು. ‘ಅವರ ಮನೆಯಲ್ಲಿ ದಿನಾ ನ್ಯಾಯ’ ಎಂದರೆ ದಿನಾ ಕಿತ್ತಾಟ. ಯುಎಫಾದ ನ್ಯಾಯದಾಟಕ್ಕೂ ಆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆಯೋ ಏನೋ.

ಹಾಸಿಗೆಯ ಗಾದೆಗೆ ಮತ್ತೆ ಬರೋಣ. ಸಂಸಾರಕ್ಕೆ ಅದು ಒಳ್ಳೆಯ ಬುದ್ಧಿ. ಆದರೆ ಪಂದ್ಯದ ಕಟ್ಟಳೆಯಾದಾಗ ಒಂದು ತೊಡಕು ಹುಟ್ಟುತ್ತದೆ. ಎಲ್ಲರ ಹಾಸಿಗೆಯೂ ಒಂದೇ ಅಳತೆಯದಲ್ಲ. ಯುನೈಟೆಡ್, ರಿಯಲ್ ಮ್ಯಾಡ್ರಿಡ್, ಬಯರ್ನ್ ಮ್ಯೂನಿಕ್ ಮುಂತಾದವರದು ಅರಮನೆಯ ಮಂಚ, ಬ್ಲ್ಯಾಕ್‌ಬರ್ನಿನಂಥವರದು ಚಾಪೆ. ಚಾಪೆಯವನು ಚಾಪೆಯಷ್ಟೇ ಕಾಲು ಚಾಚಿದರೆ ದಿವಾಳಿಯಾಗುವುದಿಲ್ಲ, ನಿಜ, ಮಂಚಕ್ಕೂ ಏರುವುದಿಲ್ಲ. ಜ್ಯಾಕ್ ವಾಕರ್ ಮಾಡಿದ ಕೆಲಸವನ್ನು ಈಗ ಯಾವ ಊರಿನ ಮಗನೂ ತನ್ನ ಊರಿಗೆ ಮಾಡಲಾರ. ಗೆಲ್ಲುವವರಿಗೆ ಹೆಚ್ಚು ಆದಾಯ. ಹೆಚ್ಚು ಆದಾಯದವರಿಗೆ ಹೆಚ್ಚು ಖರ್ಚಿನ ಅಪ್ಪಣೆ. ಹೆಚ್ಚು ಖರ್ಚು ಮಾಡಿದವರಿಗೆ ಗೆಲುವು. ಈ ಚಕ್ರವನ್ನು ಕಟ್ಟಳೆಯೇ ಕಾಯುತ್ತಿದೆಯೆಂದು ದೂರುವವರ ಮಾತಿನಲ್ಲಿ ಹುರುಳಿದೆ.

ಶಿಕ್ಷೆಯ ವಿಷಯದಲ್ಲೂ ನನಗೊಂದು ಮಾತಿದೆ. ಪ್ರೀಮಿಯರ್ ಲೀಗು 2013ರಲ್ಲಿ ಮಾಡಿಕೊಂಡ ನಿಯಮದ ಪ್ರಕಾರ ಮೂರು ವರ್ಷದ ನಷ್ಟ ಹತ್ತೂವರೆ ಕೋಟಿ ಪೌಂಡನ್ನು ಮೀರಬಾರದಿತ್ತು. ಮೀರಿತೆಂದು ಲಿವರ್‌ಪೂಲಿನ ಎವರ್ಟನ್ ಸಂಘಕ್ಕೆ 2023ರ ನವೆಂಬರಿನಲ್ಲಿ ಹತ್ತು ಅಂಕ ಕಡಿತವಾಯಿತು. ಮೇಲ್ಮನವಿಯಲ್ಲಿ ಅದು ಆರಕ್ಕೆ ಇಳಿಯಿತು. ಸಹಿ ಹಾಕಿದವರು ಆಡಳಿತದವರು. ಅಂಕ ಕಳೆದುಕೊಂಡದ್ದು ಮಳೆಯಲ್ಲಿ ನಿಂತು ಕೂಗುವ ಜನ. ಫೀಸು ಕಟ್ಟದ ತಂದೆಯನ್ನು ಬಿಟ್ಟು ಮಗನನ್ನು ಬೆಂಚಿನ ಮೇಲೆ ನಿಲ್ಲಿಸುವ ಪದ್ಧತಿ ಇದು. ಮೂವತ್ತು ವರ್ಷ ಶಾಲೆಯಲ್ಲಿದ್ದವನಿಗೆ ಇದು ಚೆನ್ನಾಗಿ ಗೊತ್ತು. ತಂದೆಗೆ ಅದರಿಂದ ಬುದ್ಧಿ ಬರುವುದು ಅಪರೂಪ.

ಇಷ್ಟೆಲ್ಲ ಕೋಟಿಗಳ ವ್ಯಾಜ್ಯ ನಡೆಯುತ್ತಿದ್ದಾಗ ಬೆರಿಯಲ್ಲಿ ಏನಾಗುತ್ತಿತ್ತು? ಕೆಳಗಿನ ದರ್ಜೆಗಳಲ್ಲಿಯೂ ಸಂಬಳಕ್ಕೆ ಆದಾಯದ ಇಷ್ಟು ಪಾಲೆಂಬ ನಿಯಮವಿತ್ತು. ಆದರೆ ಧಣಿ ಕೊಟ್ಟ ದೇಣಿಗೆಯನ್ನೂ ಅಲ್ಲಿ ಆದಾಯವೆಂದೇ ಎಣಿಸುತ್ತಿದ್ದರು. ಮನೆ ಕಟ್ಟಿ ಮಾರುವ ವ್ಯಾಪಾರದ ಧಣಿಯೊಬ್ಬರು 2013ರಲ್ಲಿ ಬಂದು ಸಂಬಳಗಳನ್ನು ಏರಿಸಿದರು. ಮೈದಾನ ಅಡವಿಗೆ ಹೋಯಿತು. ಮೋಟಾರು ನಿಲ್ಲಿಸುವ ಜಾಗವನ್ನು ತುಂಡು ತುಂಡಾಗಿ ಹಣ ಹೂಡುವವರಿಗೆ ಮಾರಿದರು. ಅವರ ವ್ಯಾಪಾರ ಕುಸಿದಾಗ, 2018ರ ಡಿಸೆಂಬರಿನಲ್ಲಿ, ಸ್ಟೀವ್ ಡೇಲ್ ಎಂಬುವರು ಸಂಘವನ್ನು ಕೊಂಡರು. ಕೊಟ್ಟ ಬೆಲೆ ಒಂದು ಪೌಂಡು. ಬೆರಿಯಲ್ಲಿ ಕಾಲ್ಚೆಂಡಿನ ತಂಡವೊಂದಿದೆಯೆಂಬುದೇ ತಮಗೆ ಮೊದಲು ಗೊತ್ತಿರಲಿಲ್ಲವೆಂದು ಅವರೇ ಆಮೇಲೆ ಬಿ.ಬಿ.ಸಿ.ಗೆ ಹೇಳಿದರು. ನಡೆಸುವಷ್ಟು ಹಣ ಇವರಲ್ಲಿದೆಯೆ ಎಂಬ ಪುರಾವೆಯನ್ನು ಲೀಗು ಕೇಳಿ ಪಡೆಯುವುದಕ್ಕೆ ಮುಂಚೆಯೇ ಕ್ರಯ ಮುಗಿದಿತ್ತು. ವಾರಕ್ಕೊಂದು ಬಾಡಿಗೆ ಮನೆ ಕೊಡುವಾಗ ನಾವು ಕೇಳುವಷ್ಟು ಪ್ರಶ್ನೆಗಳನ್ನೂ ಕೇಳಲಿಲ್ಲ.

ಆಗಸ್ಟಿನಲ್ಲಿ ಸಂಘದ ಮಾಜಿ ನಿರ್ದೇಶಕಿಯೊಬ್ಬರು ಮೈದಾನದ ಮಳೆನೀರಿನ ಕೊಳವೆಗೆ ತಮ್ಮ ಕೈಗೆ ಬೇಡಿ ಹಾಕಿಕೊಂಡು ಕುಳಿತರು. 27ರ ಬೆಳಿಗ್ಗೆ, ಕೊನೆಯ ಗಳಿಗೆಯಲ್ಲಿ ಯಾರೋ ಕೊಳ್ಳುವವರು ಬಂದಾರೆಂಬ ನಂಬಿಕೆಯಿಂದ ಊರಿನ ಜನ ಪೊರಕೆ, ಬಕೀಟು ಹಿಡಿದು ಬಂದು ಕುರ್ಚಿಗಳನ್ನೆಲ್ಲ ಒರೆಸಿ ಗುಡಿಸಿದರು. ಶನಿವಾರ ಪಂದ್ಯ ನಡೆಯಬೇಕಲ್ಲ! ಕೊಳ್ಳಬೇಕಾದವರು ಲೆಕ್ಕಪತ್ರ ನೋಡಿ ಹಿಂದೆ ಸರಿದರು. ಸಂಜೆಗೆ ಗಡುವು, ರಾತ್ರಿಗೆ ತೀರ್ಪು.

ಕನ್ನಡದಲ್ಲಿ ಯಜಮಾನನಿಗೆ ಒಡೆಯ ಎನ್ನುತ್ತೇವೆ. ಆ ಶಬ್ದಕ್ಕೂ ಒಡೆಯುವುದೆಂಬ ಕ್ರಿಯಾಪದಕ್ಕೂ ಸಂಬಂಧ ಕಲ್ಪಿಸುವುದು ವ್ಯಾಕರಣಕ್ಕೆ ಒಪ್ಪುವುದಿಲ್ಲ. ಬೆರಿಯವರಿಗೆ ಈ ಸೂತ್ರವನ್ನು ಒಪ್ಪಿಸುವುದು ಕಷ್ಟ.

ಬೇರೆ ದಾರಿಯೇ ಇಲ್ಲವೆ ಎಂದರೆ, ಜರ್ಮನಿಯಲ್ಲಿ ಒಂದಿದೆ. ಅಲ್ಲಿ 1998ರಿಂದ ಸಂಘಗಳು ಕಂಪನಿಯಾಗಬಹುದು. ಆದರೆ ಅರ್ಧಕ್ಕಿಂತ ಒಂದು ಹೆಚ್ಚು ಮತ ಚಂದಾದಾರ ಸದಸ್ಯರ ಕೈಯಲ್ಲೇ ಇರಬೇಕು. ಧಣಿ ಹಣ ಹಾಕಬಹುದು, ಮೈದಾನ ಮಾರಲಾರ. ಅದರಿಂದ ಸಮಾನತೆ ಬಂದಿತೆ ಎಂದರೆ ಅದೂ ಇಲ್ಲ. 2013ರಿಂದ 2023ರ ವರೆಗೆ ಹನ್ನೊಂದು ಸಲವೂ ಬಯರ್ನ್ ತಂಡವೇ ಪಟ್ಟ ಗೆದ್ದಿತು. ಆ ಸರಪಳಿಯನ್ನು 2024ರಲ್ಲಿ ಕಡಿದ ಲೆವರ್‌ಕುಸೆನ್ ತಂಡವು ಬಾಯರ್ ಎಂಬ ಔಷಧ ಕಂಪನಿಯ ಸ್ವತ್ತು, ಅಂದರೆ ಆ ನಿಯಮಕ್ಕೆ ಕೊಟ್ಟ ವಿನಾಯಿತಿ! ಲೋಕದ ರೀತಿಯೇ ಹೀಗೆ. ಆದರೂ ಯಾರು ಗೆದ್ದರೆಂಬುದಕ್ಕಿಂತ ಯಾವ ಊರು ತನ್ನ ತಂಡವನ್ನು ಕಳೆದುಕೊಂಡಿತೆಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಇಂಗ್ಲೆಂಡಿನವರಿಗೂ ಕೊನೆಗೆ ಹಾಗೆ ಕಂಡಿತು. 2025ರ ಜುಲೈನಲ್ಲಿ ಅಲ್ಲಿ ಕಾಲ್ಚೆಂಡಿನ ಆಡಳಿತಕ್ಕೆಂದೇ ಒಂದು ಶಾಸನವಾಯಿತು. ಕೊಳ್ಳಬಂದ ಧಣಿಯ ಹಣವೆಲ್ಲಿಯದೆಂದು ಕೇಳುವ, ಮೈದಾನದ ಮಾರಾಟವನ್ನು ತಡೆಯುವ ಅಧಿಕಾರ ಸ್ವತಂತ್ರ ನಿಯಂತ್ರಣ ಸಂಸ್ಥೆಯೊಂದಕ್ಕೆ ಬಂದಿತು. ಆ ಚರ್ಚೆಯಲ್ಲೆಲ್ಲ ಬೆರಿಯ ಹೆಸರು ಮತ್ತೆ ಮತ್ತೆ ಬಂದಿತ್ತು.

ಬೆರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಭಿಮಾನಿಗಳಲ್ಲಿ ಒಂದು ಗುಂಪಿನವರು ಹೊಸ ಸಂಘ ಕಟ್ಟಿ ಪಕ್ಕದ ಊರಿನ ಮೈದಾನದಲ್ಲಿ ಆಡತೊಡಗಿದರು. ಇನ್ನೊಂದು ಗುಂಪಿನವರು, ಸರ್ಕಾರ ಕೊಟ್ಟ ಹತ್ತು ಲಕ್ಷ ಪೌಂಡಿನ ನೆರವೂ ಸೇರಿ, 2022ರಲ್ಲಿ ಗಿಗ್ ಲೇನ್ ಎಂಬ ತಮ್ಮ ಹಳೆಯ ಮೈದಾನವನ್ನು ಬಿಡಿಸಿಕೊಂಡರು. ಎರಡು ಪಂಗಡ ಒಂದಾಗಬೇಕೆಂದು ಮತ ಹಾಕಿದರೆ ಮೊದಲ ಸಲ ಸಾಕಷ್ಟು ಮತ ಬೀಳಲಿಲ್ಲ. ಧಣಿಯಿಲ್ಲದ ಮನೆಯಲ್ಲೂ ಜಗಳವಿರುತ್ತದೆ. 2023ರ ಎರಡನೆಯ ಮತದಲ್ಲಿ ಒಂದಾದರು. ಆ ವರ್ಷ ಇಂಗ್ಲೆಂಡಿನ ಒಂಬತ್ತನೆಯ ದರ್ಜೆಯಲ್ಲಿ, ಗಿಗ್ ಲೇನ್ ಮೈದಾನದಲ್ಲಿ, ಬೆರಿ ಎಂಬ ಹೆಸರಿನ ತಂಡ ಮತ್ತೆ ಆಡಿತು. ಸಾಮಾನ್ಯವಾಗಿ ನೂರಿನ್ನೂರು ಜನ ಸೇರುವ ಆ ದರ್ಜೆಯ ಪಂದ್ಯಗಳಿಗೆ ಮೂರು ಸಾವಿರಕ್ಕೂ ಮಿಕ್ಕಿ ಜನ ಬಂದರು. 2025ರಲ್ಲಿ ತಂಡ ಆ ದರ್ಜೆಯನ್ನು ಗೆದ್ದು ಒಂದು ಮೆಟ್ಟಿಲು ಮೇಲೆ ಹೋಯಿತು. ಹೊರಗೆ ಹಾಕಿದ ಲೀಗಿಗೆ ಅಲ್ಲಿಂದ ಇನ್ನೂ ನಾಲ್ಕು ಮೆಟ್ಟಿಲು.